ಹಸಿ ಕಲ್ಲು

ಆ ಗಣಿಯಲ್ಲಿ ಕಡಿದ ಕಲ್ಲು ಮತ್ತೆ ಬೆಳೆಯುತ್ತಿತ್ತು. ಬೆಳಿಗ್ಗೆ ಕೊರೆದ ಸುರಂಗ, ಗಾಯ ಮಾಯ್ದಂತೆ ಸಂಜೆಗೆ ಕೂಡಿಕೊಳ್ಳುತ್ತಿತ್ತು. ಅಷ್ಟರೊಳಗೆ ಎಲ್ಲರೂ ಚಿನ್ನದ ಅದಿರಿನೊಂದಿಗೆ ಮೇಲೆ ಬಂದುಬಿಡುತ್ತಿದ್ದರು. ಈಚೆಗೆ ಕಲ್ಲು ಬೇಗ ಬೆಳೆಯತೊಡಗಿತ್ತು. ಪಾಳಿ ಬಿಡುವ ಹೊತ್ತು ಮಾತ್ರ ಬದಲಾಗಿರಲಿಲ್ಲ.

ಒಂದು ಸಂಜೆ ಗಣಿ ಕೆಲಸಗಾರ ಖಾಜಾಸಾಬ ಒಳಗೇ ಸಿಕ್ಕಿಕೊಂಡ. ಅವನಿದ್ದ ಕವಲು ಸುರಂಗದ ಬಾಯಿ ಮುಚ್ಚಿಹೋಗಿತ್ತು. ಆಚೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಲಿಫ್ಟ್ ಹತ್ರಿ! ಒಬ್ಬನ ಸಲುವಾಗಿ ಎಲ್ಲಾರೂ ಸಾಯಬ್ಯಾಡ್ರಿ," ಎಂದು ಮ್ಯಾನೇಜರು ಫೋನಿನಲ್ಲಿ ಕೂಗಿದರು.

"ಖಾಜಾ ಬರೂಮಟ ಯಾರೂ ಹತ್ತಂಗಿಲ್ರಿ ಸಾಹೇಬ್ರ," ಎಂದು ಪಾಳಿಯ ಮುಖ್ಯಸ್ಥೆ ಹುಲಿಗೆಮ್ಮ ಫೋನಿಟ್ಟಳು. ತನ್ನವರತ್ತ ತಿರುಗಿ, "ಕಲ್ಲು ಇನ್ನಾ ಹಸಿ ಐತಿ, ಗಟ್ಟಿ ಆಗೂದ್ರಾಗ ಹೊಡೀರಿ!" ಎಂದಳು.

ಒಬ್ಬರೂ ಹಿಂದೆ ಸರಿಯಲಿಲ್ಲ. ಮೇಲಿನ ಬಂಡೆ ಇಳಿಯುತ್ತ ಬಂದಂತೆ ಬಗ್ಗಿ ಹೊಡೆದರು, ಆಮೇಲೆ ಮಂಡಿಯೂರಿ ಹೊಡೆದರು. ಕೊನೆಗೆ ತೂತಿನಿಂದ ಒಂದು ಕೈ ಹೊರಬಂತು. ಉಳಿದವರು ತೂತು ಹಿಗ್ಗಿಸುತ್ತಲೇ ಹುಲಿಗೆಮ್ಮ ಅದನ್ನು ಹಿಡಿದು ಅವನನ್ನು ಹೊರಗೆಳೆದಳು.

"ಅಕ್ಕಾ, ನೀವು ಹೋಗಿರ್ತೀರಿ ಅಂತ ಮಾಡಿದ್ದೆ," ಎಂದ ಖಾಜಾಸಾಬ.

"ನಿನ್ನ ಬಿಟ್ಟು ಹೋಗಿ ನಿನ್ನ ಹೇಣ್ತಿಗಿ ಯಾವ ಮಾರಿ ತೋರಸ್ಲೋ? ನಡಿ!"

ಮೇಲೆ ಮ್ಯಾನೇಜರು ಕಾಯುತ್ತಿದ್ದರು. ಅವರು ಬೈಯುವ ಮೊದಲೇ ಹುಲಿಗೆಮ್ಮ, "ನಾಳಿಂದ ಪಾಳಿ ಒಂದ್ ತಾಸು ಮೊದಲ ಬಿಡಬೇಕ್ರಿ. ಇಲ್ಲಂದ್ರ ಯಾರೂ ಇಳಿಯಂಗಿಲ್ಲ," ಎಂದಳು.

ಮ್ಯಾನೇಜರು ಉಳಿದವರತ್ತ ನೋಡಿದರು. ಎಲ್ಲರಿಗಿಂತ ಮೊದಲು ಖಾಜಾಸಾಬ ಕುಂಟುತ್ತ ಬಂದು ಹುಲಿಗೆಮ್ಮನ ಪಕ್ಕ ನಿಂತ. ಧೂಳು ಮೆತ್ತಿದ ಇಡೀ ಪಾಳಿ ಅವನ ಹಿಂದೆ ಬಂತು.

"ಆಗ್ಲಿ," ಎಂದರು ಮ್ಯಾನೇಜರು, "ನಾಳಿಂದ ಲಗೂನ ಬಿಡೂಣು."