ಕನ್ನಡಿಯಲ್ಲಿ ಬೂದು ಬೈಕು

ಕನ್ನಡಿಯಲ್ಲಿ ಆ ಬೂದು ಬೈಕು ಇನ್ನೂ ಇತ್ತು. ಹತ್ತಿರ ಬರುತ್ತಿರಲಿಲ್ಲ, ದೂರವೂ ಆಗುತ್ತಿರಲಿಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಹೋದ ಹಾಗೆ ಸರಿಯಾಗಿ ನಲವತ್ತು ಗಜ ಹಿಂದೆ.

ಫಿಂಟನ್ ವೇಗದ ಮುಳ್ಳು ನೋಡಿದ. ಎಂಬತ್ತು. ರಸ್ತೆಯ ಮಿತಿಯೂ ಎಂಬತ್ತೇ. ಮೇಯೋ ಜಿಲ್ಲೆಯ ಇದೇ ರಸ್ತೆಗಳಲ್ಲಿ ಮೂವತ್ತನಾಲ್ಕು ವರ್ಷ ಡೇರಿಯ ಟ್ಯಾಂಕರ್ ಓಡಿಸಿದವನು ಅವನು. ಹನ್ನೆರಡು ಸಾವಿರ ಲೀಟರು ಹಾಲು ಹೊತ್ತಾಗಲೂ ಬೆನ್ನು ಇಷ್ಟು ಸೆಟೆದಿರಲಿಲ್ಲ. ಇವತ್ತು ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿದ್ದದ್ದು ಬರೀ ಎರಡು ಲೀಟರು. ತಾಯಂದಿರು ದಾನ ಕೊಟ್ಟ ಹಾಲು, ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಅವಳಿ ಕೂಸುಗಳಿಗೆ.

ಬೆಳಿಗ್ಗೆ ಬ್ರೀಡ್ ಫೋನ್ ಮಾಡಿದ್ದಳು. ಆಸ್ಪತ್ರೆಗಳ ಕರೆ ಬರುವುದು ಅವಳ ಅಡುಗೆಮನೆಗೇ. ಅಲ್ಲಿಂದಲೇ ಅವಳು ಬೈಕಿನಲ್ಲಿ ಹಾಲು, ರಕ್ತ ತಲುಪಿಸುವ ಸಂಘದ ಸ್ವಯಂಸೇವಕ ಸವಾರರನ್ನೆಲ್ಲ ಊರೂರಿಗೆ ಅಟ್ಟುತ್ತಾಳೆ.

"ಇವತ್ತು ನಿನ್ನ ಪರೀಕ್ಷೆ ಕಣೋ. ಡಬ್ಲಿನ್ನಿಂದ ಪರೀಕ್ಷಕರು ಬರ್ತಾರೆ. ಮೂರು ಗಂಟೆಗೆ ಪೆಟ್ರೋಲ್ ಬಂಕಲ್ಲಿ ಬೈಕ್ ಮೇಲೆ ಕೂತಿರ್ತಾರೆ. ಮಾತಾಡಿಸ್ಬೇಡ. ತಲೆ ಆಡ್ಸು, ಹೊರಡು."

"ಚೆನ್ನಾಗಿದೀರಾ ಅಂತನೂ ಕೇಳ್ಬಾರ್ದಾ?"

"ನೀನು ಅಷ್ಟಕ್ಕೇ ನಿಲ್ಲಿಸ್ತೀಯಾ? ಮಳೆ, ಹಸು, ನಿನ್ನ ಕಣ್ಣಿನ ಆಪರೇಷನ್ನು, ಎಲ್ಲಾ ಪುರಾಣ ಬಿಚ್ತೀಯ. ಪರೀಕ್ಷೆಗೆ ಬರೋ ಎಲ್ರಿಗೂ ಇದೇ ಮಾತು ಹೇಳಿದೀನಿ, ನಿನಗೊಬ್ಬನಿಗೇ ಅಲ್ಲ."

ಎಪ್ಪತ್ತು ದಾಟಿದ ಫಿಂಟನ್‌ನಂಥವರಿಗೆ ವರ್ಷಕ್ಕೊಮ್ಮೆ, ಹೊಸದಾಗಿ ಸೇರುವವರಿಗೆ ಮೊದಲಿಗೊಮ್ಮೆ ಈ ಪರೀಕ್ಷೆ. ಫಲಿತಾಂಶ ಬರೆದು ಕೊಡುವ ಪದ್ಧತಿಯಿಲ್ಲ. ಹೊಸಬರು ಗೆದ್ದರೆ ಪರೀಕ್ಷಕರು ಸಂಘದ ಬೈಕಿನ ಕೀಲಿಯನ್ನು ಅವರ ಅಂಗೈಗೆ ಹಾಕುತ್ತಾರೆ. ಹಳಬರು ಸೋತರೆ ನಿಂತಲ್ಲೇ ಕೀಲಿ ಒಪ್ಪಿಸಿ ಬಸ್ಸು ಹತ್ತಬೇಕು.

ಒಂಬತ್ತು ವರ್ಷದಿಂದ ಫಿಂಟನ್‌ಗೆ ವಾರವೆಂದರೆ ಸಂಘದ ಬೈಕು ಓಡಿಸುವ ಶನಿವಾರ. ಕೀಲಿ ಹೋದರೆ ಉಳಿಯುವುದು ಟಿವಿ ಮುಂದಿನ ಕುರ್ಚಿ, ಮತ್ತು "ಕಾಲೆತ್ತಿ, ಗುಡಿಸ್ಬೇಕು" ಎನ್ನುವ ಹೆಂಡತಿ ಅಸಂಪ್ಟಾ.

ಬಂಕಿನಲ್ಲಿ ಸ್ಲೈಗೋ ಕಡೆಯ ಸವಾರ ಪೆಟ್ಟಿಗೆ ದಾಟಿಸಿ, ಸಹಿ ಪಡೆದು ಹಿಂದಿರುಗಿದ್ದ. ಚಕ್ರಕ್ಕೆ ಗಾಳಿ ತುಂಬುವ ಯಂತ್ರದ ಪಕ್ಕ ಬೂದು ಬೈಕು. ಅದರ ಮೇಲೆ ಗಾಜು ಇಳಿಬಿಟ್ಟ ಕಪ್ಪು ಹೆಲ್ಮೆಟ್ಟು, ಗೂಟ ಹೊಡೆದ ಹಾಗೆ ನೆಟ್ಟಗೆ. ಫಿಂಟನ್ ತಲೆ ಆಡಿಸಿದ. ಹೆಲ್ಮೆಟ್ಟೂ ಆಡಿತು. ಎರಡು ಸಲ.

ಆರನೆಯ ಮೈಲಿಯಲ್ಲಿ ಕುರಿಗಳು. ಪ್ಯಾಕಿ ತನ್ನ ಮಂದೆಯನ್ನು ಒಂದು ಹೊಲದಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ. ಫಿಂಟನ್ ಎಡಗಡೆಯ ಸೂಚಕ ದೀಪ ಹಾಕಿ ಬದಿಗೆ ನಿಂತು ಎಡಗಾಲು ಊರಿದ. ಬೂದು ಬೈಕೂ ನಿಂತಿತು. ಅಲ್ಲೂ ಎಡಗಾಲೇ ಇಳಿಯಿತು. ಅದರ ಹಿಂದೆ ಹನ್ನೊಂದು ಕಾರು, ಒಂದು ಟ್ರ್ಯಾಕ್ಟರು.

"ಏನ್ ಫಿಂಟನ್, ಯಾರ ಹೆಣ ಹೊತ್ಕೊಂಡ್ ಹೊರಟೆ?" ಪ್ಯಾಕಿ ಕೋಲು ಊರಿ ನಿಂತ. "ಇಡೀ ಊರೇ ಹಿಂದೆ ಬಂದಂಗಿದೆ!"

ಫಿಂಟನ್ ಹಲ್ಲು ಕಚ್ಚಿ ಮುಂದೆ ನೋಡಿದ.

"ಮಾತಾಡಪ್ಪಾ! ಹಿಂದಿರೋರು ಯಾರು? ಅವರ ಕೈ ಗಡಗಡ ಅಂತಿದೆ. ನನ್ನ ಕುರೀಗೆ ಹೆದರಿದ್ರಾ?"

ಪರೀಕ್ಷಕರು ನಗು ತಡೆದುಕೊಂಡಿರಬೇಕು ಎಂದುಕೊಂಡ ಫಿಂಟನ್. ಕೊನೆಯ ಕುರಿ ಬೇಲಿ ಹಾರಿದ್ದೇ ಹೊರಟ.

ಎದೆಯ ಜೇಬಿನಲ್ಲಿ ಫೋನು ಗುರುಗುಟ್ಟಿತು. ನಿಂತಿತು. ಮತ್ತೆ ಗುರುಗುಟ್ಟಿತು. ಪೆಟ್ಟಿಗೆ ತಲುಪುವ ಮುಂಚೆ ಫೋನು ಮುಟ್ಟಿದರೆ ಕೆಲಸ ಕೆಟ್ಟಂತೆ. ಬಲೆ ಒಡ್ಡುತ್ತಿದ್ದಾರೆ. ಫಿಂಟನ್ ಒಳಗೊಳಗೇ ನಕ್ಕ. ಇಷ್ಟಕ್ಕೆಲ್ಲ ಬೀಳುವವನಲ್ಲ ಅವನು.

ಎರಡು ಮೈಲಿ ಕಳೆದ ಮೇಲೆ ಕನ್ನಡಿಯಲ್ಲಿ ವಿಚಿತ್ರ ಕಂಡಿತು. ಬೂದು ಬೈಕಿನ ಎಡಗಡೆಯ ದೀಪ ಮಿಣುಕುತ್ತಿತ್ತು. ಎಡಕ್ಕೆ ತಿರುವೇ ಇಲ್ಲ. ಬರೀ ಕೆಸರು ಗದ್ದೆ. ಏನು ಹೇಳುತ್ತಿದ್ದಾರೆ?

ಆಮೇಲೆ ತನ್ನ ಮೀಟರಿನತ್ತ ನೋಡಿದ. ಅಲ್ಲೂ ಹಸಿರು ಬಾಣ ಮಿಣುಕುತ್ತಿತ್ತು. ಕುರಿ ದಾಟಿದಾಗಿನಿಂದ.

ಹಾಕಿದ ದೀಪ ಆರಿಸದವನು ಎದುರಿನವನನ್ನು ಕೊಲ್ಲುತ್ತಾನೆ ಎಂದು ಹೊಸಬರಿಗೆ ಬೈದು ಬೈದು ಕಲಿಸಿದವನೇ ಅವನು. ಪರೀಕ್ಷಕರು ದೊಡ್ಡ ಮನುಷ್ಯರು. ತಪ್ಪನ್ನು ಬಾಯಲ್ಲಿ ಹೇಳದೆ ಹಾಗೇ ಮಾಡಿ ತೋರಿಸಿದ್ದಾರೆ. ದೀಪ ಆರಿಸಿದ. ಮರುಕ್ಷಣವೇ ಹಿಂದಿನದೂ ಆರಿತು.

ಆಸ್ಪತ್ರೆಯ ಹಿಂಬಾಗಿಲಲ್ಲಿ ನರ್ಸ್ ಕಾಯುತ್ತಿದ್ದಳು. ಮುದ್ರೆಯ ಸಂಖ್ಯೆ ಓದಿ ಪೆಟ್ಟಿಗೆ ತೆಗೆದುಕೊಂಡಳು.

"ಸರಿಯಾದ ಹೊತ್ತಿಗೇ ಬಂದ್ರಿ. ಸಕ್ಕರೆ ಪೊಟ್ಟಣದಷ್ಟೂ ತೂಕ ಇಲ್ಲ ಇಬ್ರೂ, ಕಿರುಚಾಟ ಮಾತ್ರ ಊರಿಗೆಲ್ಲ ಕೇಳ್ಬೇಕು. ಮುಂದಿನ ಶನಿವಾರವೂ ನೀವೇ ತಾನೆ?"

ಫಿಂಟನ್ ಅಂಗಳದತ್ತ ತಿರುಗಿದ. ಬೂದು ಬೈಕು ಅಲ್ಲೇ ನಿಂತಿತ್ತು. ಸವಾರರು ಇಳಿದು, ಕೈ ಕೆಳಗೆ ಬಿಟ್ಟು, ಅಲುಗದೆ ನಿಂತಿದ್ದರು. ಬೈಸಿಕೊಂಡು ಕೀಲಿ ಕೊಡುವುದಕ್ಕಿಂತ ತಾನಾಗಿಯೇ ಕೊಡುವುದು ಮರ್ಯಾದೆ. ಅವನು ನೇರ ನಡೆದುಹೋಗಿ, ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ತಗೊಳ್ಳಿ. ಆ ದೀಪದ ವಿಷಯ ನಮ್ಮಿಬ್ರಿಗೂ ಗೊತ್ತು. ಇನ್ನೇನೂ ಹೇಳ್ಬೇಡಿ."

ಫೋನು ಮತ್ತೆ ಗುರುಗುಟ್ಟಿತು. ಇನ್ನು ಹೆದರುವುದಕ್ಕೆ ಏನಿದೆ? ಎತ್ತಿದ.

"ಕಿವಿಗೂ ಆಪರೇಷನ್ ಮಾಡಿಸ್ಬೇಕೇನೋ ನಿನಗೆ?" ಬ್ರೀಡ್ ಚೀರಿದಳು. "ಆಗಿಂದ ಮಾಡ್ತಿದೀನಿ! ಪರೀಕ್ಷಕರ ಬೈಕು ಅರ್ಧ ದಾರೀಲಿ, ಅಥ್ಲೋನಲ್ಲೇ ಕೆಟ್ಟು ನಿಂತಿದೆ. ಇವತ್ತು ಯಾರಿಗೂ ಪರೀಕ್ಷೆ ಇಲ್ಲ!"

ಫಿಂಟನ್ ಮೆಲ್ಲಗೆ ತಲೆ ಎತ್ತಿದ. ಕಪ್ಪು ಹೆಲ್ಮೆಟ್ಟಿನ ಗಾಜು ಮೇಲೇರಿತ್ತು. ಒಳಗೆ ನಲವತ್ತರ ಒಬ್ಬ ಹೆಂಗಸು, ಮೂಗು ಕೆಂಪಗೆ, ಕಣ್ತುಂಬ ನೀರು. ಅವನ ಕೀಲಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು.

"ಅಂದ್ರೆ... ನಾನು ಪಾಸಾದ್ನಾ, ಸರ್?"