ಎಮ್ಮೆ ಕೊಟ್ಟ ಶಿಫಾರಸು

ಪಶು ಆಸ್ಪತ್ರೆಯ ಕಾಂಪೌಂಡರ್ ಫಕ್ಕೀರಪ್ಪನಿಗೆ ಬಡ್ತಿ ಸಿಗಬೇಕಾದರೆ ಅವನ ವೆಬ್ ಪುಟದಲ್ಲಿ ಹತ್ತು ರೋಗಿಗಳ ಶಿಫಾರಸು ಇರಬೇಕಿತ್ತು. ಒಂಬತ್ತು ಆಡುಗಳು ಹಿಡಿ ಸೊಪ್ಪು ತಿಂದು, ಅವನ ಫೋನಿಗೆ ಮೂತಿ ಒತ್ತಿ, ಬಾಯ್ತುಂಬ ಹೊಗಳಿ ಬರೆದಿದ್ದವು. ಕೊನೆಯ ದಿನಕ್ಕೆ ಉಳಿದದ್ದು ದ್ಯಾಮವ್ವನ ಎಮ್ಮೆ.

ಎಮ್ಮೆ ಸೊಪ್ಪು ಮುಟ್ಟಲಿಲ್ಲ. ಫೋನಿಗೆ ಮೂತಿ ತಾಗಿಸಿತು. ಅಕ್ಷರ ಮೂಡಿದವು: "ಹೋದ ವರ್ಷ ನಿನ್ನ ಪುಟದಾಗ ನನ್ನ ಹಠಮಾರಿ ಅಂತ ಬರದಿ. ಮೊದಲ ಅದನ್ನ ಅಳಸು."

"ನನ್ನ ಮೊಣಕಾಲಿಗೆ ಒದ್ದಾಕಿ ನೀನ ಅಲ್ಲೇನ ಬೇ?" ಎಂದ ಫಕ್ಕೀರಪ್ಪ.

"ನನ್ನ ತೊಡ್ಯಾಗ ಸೂಜಿ ಮುರದಾಂವ ಯಾರು?" ಎಂದು ಫೋನಿನಲ್ಲಿ ಮೂಡಿತು.

ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ತಪ್ಪು ಒಪ್ಕೊಂಡಬಿಡೋ ತಮ್ಮಾ. ಅಕಿ ಮುಂದ ನಮ್ಮ ಮನಿಯವರ್ದೂ ಏನೂ ನಡಿಯಂಗಿಲ್ಲ."

ಅವನು ಅಳಿಸಿ, 'ತಪ್ಪು ನನ್ನದೇ' ಎಂದು ಬರೆದ. ಎಮ್ಮೆ ಎರಡು ಸಲ ಓದಿತು, ನಿಧಾನವಾಗಿ ಮೆಲುಕು ಹಾಕಿತು, ಆಮೇಲೆ ಬರೆಯಿತು: "ಇವನ ಕೈ ಒರಟು. ಬಾಯಿ ಇನ್ನೂ ಒರಟು. ಆದರ ನನ್ನ ಕರ ಹೊಟ್ಯಾಗ ಅಡ್ಡ ಸಿಕ್ಕಾಗ, ಅದು ಹೊರಗ ಬಂದು ಉಸಿರಾಡೋತನಕ ನನ್ನ ಮಗ್ಗಲ ಬಿಟ್ಟು ಎದ್ದಿಲ್ಲ."

ಸಂಜೆಗೆ ಬಡ್ತಿಯ ಆದೇಶ ಬಂತು. ಆಡುಗಳ ಒಂಬತ್ತು ಹೊಗಳಿಕೆಯನ್ನೂ ಇಲಾಖೆ ತಳ್ಳಿಹಾಕಿತ್ತು. ಬೈದು ಬರೆದ ಒಂದನ್ನು ಮಾತ್ರ ನಂಬಿತ್ತು.