ಗರಗಸ ಮೀನಿನ ಸುತ್ತ ಎಂಟು ದೋಣಿ

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಐದನೆಯ ಗರಗಸ ಮೀನೂ ನಾಪತ್ತೆಯಾಗಿತ್ತು. ಹಿಂದಿನ ದಿನ ಅದರ ನೀಲಿ ಚುಕ್ಕೆ ಇದ್ದ ಜಾಗದ ಸುತ್ತ ಎಂಟು ಹಳದಿ ಚುಕ್ಕೆಗಳು, ಅಂದರೆ ಎಂಟು ಮೀನುಗಾರಿಕೆ ದೋಣಿಗಳು, ಉಂಗುರದ ಹಾಗೆ ದುಂಡಗೆ ನಿಂತಿದ್ದವು.

ಸಮುದ್ರಜೀವಿ ಕೇಂದ್ರದಲ್ಲಿ ನಕ್ಷೆ ಮಾಡುವುದು ಅವಳ ಕೆಲಸ. ಎಲ್ಲರಿಗೂ ಅವಳು ನಕ್ಷೆ ಮೇಡಂ. ಹನ್ನೆರಡು ಗರಗಸ ಮೀನುಗಳ ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರಗಳು ತಾವೆಲ್ಲಿದ್ದೇವೆಂದು ಉಪಗ್ರಹಕ್ಕೆ ಹೇಳುತ್ತಿದ್ದವು. ಅದಕ್ಕೆ ನೀರಿನ ಆಳ, ಬಿಸಿ, ದೋಣಿಗಳ ಓಡಾಟ ಎಲ್ಲ ಸೇರಿಸಿ ಒಂದೇ ನಕ್ಷೆಯಲ್ಲಿ ತೋರಿಸುವ ತಂತ್ರಾಂಶ ಅವಳ ಕೈಕೂಸು. ಈಚೆಗೆ ಅದಕ್ಕೆ ಹೊಸ ಬುದ್ಧಿಯನ್ನೂ ಕಲಿಸಿದ್ದಳು. ದಿನಾ ಬೆಳಗಾಗುತ್ತಲೇ ಅದು ತಾನಾಗಿ ಎದ್ದು, ಪ್ರತಿ ಮೀನಿನ ಸುತ್ತ ಕೆಂಪು ವೃತ್ತ ಎಳೆದು, ಕಳಿಸಬೇಕಾದವರಿಗೆಲ್ಲ ಕಳಿಸಿ ಸುಮ್ಮನಾಗುತ್ತಿತ್ತು. ಆ ಸಾಧನೆಗೆ ನಿರ್ದೇಶಕರು ಅವಳಿಗೆ ಕಪ್ ಕೊಟ್ಟಿದ್ದರು. ಚಹಾ ಕುಡಿಯುವ ಕಪ್.

ಈಗ ಅದೇ ನಿರ್ದೇಶಕರು ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಒಳಗಿನವರೇ ಯಾರೋ ದೋಣಿಯವರಿಗೆ ಮೀನಿನ ಜಾಗ ಹೇಳಿಕೊಡ್ತಿದ್ದಾರೆ. ಶುಕ್ರವಾರದೊಳಗೆ ಯಾರು ಅಂತ ಗೊತ್ತಾಗ್ಬೇಕು. ಇಲ್ಲದಿದ್ರೆ ದೋಣಿ ಓಡಿಸೋನನ್ನ ಮನೆಗೆ ಕಳಿಸ್ತೀನಿ."

ಕೇಂದ್ರದ ದೋಣಿ ಓಡಿಸುವವನು ಅವಳ ಅಕ್ಕನ ಗಂಡ. ಕೆಲಸ ಕೊಡಿಸಿದವಳೂ ಅವಳೇ. ಇಪ್ಪತ್ತು ವರ್ಷ ಬಲೆ ಎಳೆದವನಿಗೆ ಬಂದರಿನ ತುಂಬ ಗೆಳೆಯರು. ಮನುಷ್ಯ ಒಳ್ಳೆಯವನೇ, ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ನಾದಿನಿ ತೂಕ ಇಳಿಸಲು ಹೊರಟಿದ್ದಾಳೆಂಬ ಗುಟ್ಟು ಬಂದರಿನಲ್ಲಿ ಮಂಜುಗಡ್ಡೆ ಮಾರುವವನಿಗೂ ತಲುಪಿತ್ತು. ನಿರ್ದೇಶಕರ ಅನುಮಾನ ಅವಳಿಗೂ ಅಂಟಿತು.

ಉಳಿದ ಏಳು ಮೀನುಗಳಲ್ಲಿ ಆರು ದೂರದ ನೀರಿನಲ್ಲಿದ್ದವು. ದೋಣಿಗಳಿಗೆ ಎಟುಕುವಂತಿದ್ದದ್ದು ಒಂದೇ. ಸಂಜೆ ಅವಳು ಆ ಮೀನಿನ ಚುಕ್ಕೆಯನ್ನು ತಂತ್ರಾಂಶದಲ್ಲಿ ಎತ್ತಿ, ದಕ್ಷಿಣದಲ್ಲಿ ಏನೂ ಇಲ್ಲದ ನೀರಿನಲ್ಲಿ ಕೂರಿಸಿದಳು. ಭಾವನನ್ನು ಕರೆದು ಪರದೆ ತೋರಿಸಿ, ಮೀನು ಇಲ್ಲಿದೆ, ಯಾರಿಗೂ ಹೇಳಬೇಡ ಎಂದಳು. ಅವನು ಕಣ್ಣರಳಿಸಿ ತಲೆಯಾಡಿಸಿದ.

ಮಂಗಳವಾರ ಬೆಳಿಗ್ಗೆ ಎಂಟು ದೋಣಿಗಳೂ ದಕ್ಷಿಣದಲ್ಲಿದ್ದವು. ಅದೇ ದುಂಡು ಸಾಲು.

ಅಕ್ಕನಿಗೆ ಏನೆಂದು ಹೇಳುವುದು? ಮನಸ್ಸಿನ ಸಮಾಧಾನಕ್ಕೆ ಇನ್ನೊಬ್ಬರನ್ನೂ ನೋಡಿಬಿಡೋಣವೆಂದು ಆ ಸಂಜೆ ಮೀನನ್ನು ಉತ್ತರಕ್ಕೆ ಸರಿಸಿ, ಕೇಂದ್ರದಲ್ಲಿ ಅಂಕಿಅಂಶ ನೋಡಿಕೊಳ್ಳುವವನಿಗೆ ಮಾತ್ರ ತೋರಿಸಿದಳು. ಸಮುದ್ರದ ವಿಡಿಯೊ ನೋಡಿದರೂ ವಾಂತಿ ಮಾಡಿಕೊಳ್ಳುವ ಆಸಾಮಿ. ಬಂದರು ಯಾವ ದಿಕ್ಕಿಗಿದೆ ಎಂಬುದೂ ಅವನಿಗೆ ಅನುಮಾನವೇ.

ಬುಧವಾರ ಎಂಟು ದೋಣಿಗಳೂ ಉತ್ತರದಲ್ಲಿದ್ದವು.

ಹಾಗಾದರೆ ಇಬ್ಬರೂ ಕಳ್ಳರೇ? ಅವಳು ತಲೆ ಕೆರೆದುಕೊಂಡಳು. ಸಂಜೆ ಬಾಗಿಲು ಹಾಕಿಕೊಂಡು ಮೀನನ್ನು ಪಶ್ಚಿಮಕ್ಕೆ ಒಯ್ದಳು. ಈ ಸಲ ಯಾರಿಗೂ ತೋರಿಸಲಿಲ್ಲ. ಪರದೆ ಆರಿಸಿ, ಕೋಣೆಗೆ ಬೀಗ ಜಡಿದು, ಕೀಲಿಕೈ ಚೀಲಕ್ಕೆ ಹಾಕಿಕೊಂಡಳು. ಗಂಡ ಯಾಕೆ ಮಂಕಾಗಿದ್ದೀಯ ಎಂದಾಗಲೂ ತುಟಿ ಬಿಚ್ಚಲಿಲ್ಲ.

ಗುರುವಾರ ದೋಣಿಗಳು ಪಶ್ಚಿಮದಲ್ಲಿದ್ದವು. ಎಂಟಕ್ಕೆ ಎಂಟೂ.

ಸುಳ್ಳು ಅವಳ ಜಾಯಮಾನಕ್ಕೆ ಒಗ್ಗದ್ದು. ನಿರ್ದೇಶಕರ ಮುಂದೆ ಮೂರು ದಿನದ ಕಥೆಯನ್ನೂ ಒಪ್ಪಿಸಿದಳು. ಅವರು ಪರದೆಯನ್ನೂ ಅವಳನ್ನೂ ಸರದಿಯಲ್ಲಿ ನೋಡಿದರು.

"ಮೇಡಂ, ಇವತ್ತಿನ ಜಾಗ ಗೊತ್ತಿದ್ದದ್ದು ಒಬ್ಬರಿಗೇ ಅಲ್ವಾ?"

"ಹೌದು ಸರ್."

"ಸಂಜೆಯೊಳಗೆ ಬೇರೆ ಯಾರನ್ನಾದ್ರೂ ಹುಡುಕಿ. ಇಲ್ಲಾಂದ್ರೆ ನಾಳೆ ಕೆಲಸದಿಂದ ತೆಗೆಯೋ ಪತ್ರದಲ್ಲಿ ನಿಮ್ಮ ಹೆಸರೇ ಬರೆಯೋಕೆ ನನಗೇನೂ ಕಷ್ಟ ಇಲ್ಲ."

ಅವಳು ಸೀದಾ ಹೋಗಿ ಭಾವನ ದೋಣಿ ಹತ್ತಿ ಕೂತಳು. ಪಶ್ಚಿಮಕ್ಕೆ ಬಿಡು ಎಂದಳು. ಅರ್ಧ ದಾರಿಯಲ್ಲಿ ಮನಸ್ಸು ತಡೆಯದೆ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಎಂಜಿನ್ ನಿಧಾನ ಮಾಡಿದ.

"ನನ್ನ ಮೇಲೇ ಅನುಮಾನಪಟ್ಯಾ ಪುಟ್ಟಿ?"

"ಪಟ್ಟೆ ಭಾವ. ತಪ್ಪಾಯ್ತು."

"ಆ ಅಂಕಿಅಂಶದವನ ಮೇಲೂ ಪಟ್ಟಿದ್ದೀಯಲ್ಲ, ಬಿಡು. ಅಷ್ಟರಮಟ್ಟಿಗೆ ಮರ್ಯಾದೆ ಉಳೀತು." ಮತ್ತೆ ಎಂಜಿನ್ ಜೋರು ಮಾಡಿ ಸೇರಿಸಿದ, "ನಿಮ್ಮಕ್ಕನಿಗೆ ಹೇಳಲ್ಲ. ಪ್ರಯತ್ನ ಮಾಡ್ತೀನಿ."

ದೋಣಿಗಳು ಕಂಡವು. ಎಂಟೂ ಬಲೆ ಬಿಟ್ಟು, ಅಳತೆಪಟ್ಟಿ ಹಿಡಿದು ನಿಲ್ಲಿಸಿದಂತೆ ಸುತ್ತ ನಿಂತಿದ್ದವು. ನಡುವಿನ ನೀರಿಗೆ ಒಬ್ಬನೂ ಕಾಲಿಟ್ಟಿರಲಿಲ್ಲ. ದೋಣಿಯೊಂದರ ಹಿರಿಯ ಯಜಮಾನ ಭಾವನನ್ನು ನೋಡಿ ಕೈಬೀಸಿದ. ಪಕ್ಕದಲ್ಲಿದ್ದವಳು ಯಾರೆಂದು ಭಾವ ಹೇಳಿದ್ದೇ ತಡ, ಅವನ ಮುಖ ಗಂಟಾಯಿತು.

ಈ ಜಾಗ ನಿಮಗೆ ಹೇಳಿದ್ದು ಯಾರೆಂದು ಅವಳು ಕೇಳುವ ಮೊದಲೇ ಅವನೇ ಜಗಳಕ್ಕೆ ಬಂದ.

"ಒಳ್ಳೇ ಸಮಯಕ್ಕೆ ಬಂದ್ರಿ. ಗರಗಸ ಮೀನು ಇದ್ದ ಕಡೆ ಸಿಗಡಿ ರಾಶಿ, ಇಷ್ಟು ದಿನ ಒಂದು ಸಲಾನೂ ತಪ್ಪಿರಲಿಲ್ಲ ನೀವು. ಈ ಮೂರು ದಿನದಿಂದ ಏನಾಗಿದೆ ನಿಮಗೆ? ಇಲ್ಲಿ ಒಂದು ಸಿಗಡಿನೂ ಇಲ್ಲ. ನಾವಂತೂ ನೀವು ಹೇಳಿದ ಹಾಗೆ ವೃತ್ತದ ಹೊರಗೇ ನಿಂತಿದ್ದೀವಿ, ಬೇಕಾದ್ರೆ ಅಳೆದು ನೋಡ್ಕೊಳ್ಳಿ. ಅದೇ ಆಚೆ ಬಂದು ಬಲೆಗೆ ಬಿದ್ರೆ ನಮ್ಮ ತಪ್ಪಲ್ಲ."

ಅವನು ತನ್ನ ಫೋನನ್ನು ಅವಳ ಮೂಗಿನ ಹತ್ತಿರಕ್ಕೆ ಚಾಚಿದ. ಆ ಬೆಳಿಗ್ಗೆ ಬಂದ ಸಂದೇಶ. ಕೆಳಗೆ ನಕ್ಷೆ.

"ಎಲ್ಲ ದೋಣಿಯವರ ಗಮನಕ್ಕೆ: ಈ ಕೆಂಪು ವೃತ್ತದೊಳಗೆ ಅತಿ ಅಪರೂಪದ ಗರಗಸ ಮೀನು ಇದೆ, ದಯವಿಟ್ಟು ಒಳಗೆ ಬಲೆ ಬೀಸಬೇಡಿ. ಇಂತಿ, ನಕ್ಷೆ ವಿಭಾಗ."